ಗೇಮಿಂಗ್ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸುವವರೇ, ಹಳೆಯದು ಮೊದಲು ನಿಮ್ಮ ಕೈಗೆ ಬರಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರದವರು, ಘಟ್ಟದ ಕೆಳಗೆ ಕುಮಟಾ, ಹೊನ್ನಾವರ, ಕಾರವಾರದವರು ಯಾರೇ ಇರಲಿ, ಲ್ಯಾಪ್‌ಟಾಪಿನ ಸ್ಟೋರೇಜ್ ಹೆಚ್ಚು ಮಾಡಿಸಬೇಕು ಎಂದುಕೊಂಡಿದ್ದರೆ ಅಂಗಡಿಗೆ ಹೋಗುವ ಮೊದಲು ಇದನ್ನು ಓದಿಕೊಳ್ಳಿ. ನನ್ನ ತಮ್ಮನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಎಂದೇ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುವುದಿಲ್ಲ. ಆ ಒಂದು ಅಂಗಡಿಗೆ ಹೋಗದಿದ್ದರೆ ಸಾಕು ಎಂದು ಯಾರೂ ತಿಳಿಯಬಾರದು. ಲ್ಯಾಪ್‌ಟಾಪ್ ಬಿಚ್ಚುವ ಜಾಗ ಎಲ್ಲೇ ಆದರೂ ಇದು ನಡೆಯಬಹುದು.

ತಮ್ಮ ಆಟ ಆಡಲಿಕ್ಕೆಂದೇ ಗೇಮಿಂಗ್ ಲ್ಯಾಪ್‌ಟಾಪ್ ಕೊಂಡವನು. ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿದ್ದುದರಿಂದ ಬರಬರುತ್ತ ಅದರಲ್ಲೇ ಮದುವೆ, ಉಪನಯನ, ಯಕ್ಷಗಾನದ ವಿಡಿಯೋ ಎಡಿಟ್ ಮಾಡಿಕೊಡಲು ಶುರು ಮಾಡಿದ. ತೋಟದ ಕೆಲಸದ ಜೊತೆಗೆ ಅದೂ ಒಂದು ಆದಾಯ. ಕೊಳ್ಳುವಾಗ ಇದ್ದ 512 ಜಿಬಿ ಎಸ್‌ಎಸ್‌ಡಿ (ಫೈಲುಗಳನ್ನೆಲ್ಲ ಚಿಪ್ಪಿನಲ್ಲಿ ಇಡುವ ಡ್ರೈವ್) ಸಾಲದಾಯಿತು. ಈಗಿನ ದೊಡ್ಡ ಆಟಗಳು ಒಂದೊಂದೇ 100ರಿಂದ 150 ಜಿಬಿ ಜಾಗ ಕೇಳುತ್ತವೆ. ವಿಡಿಯೋದ್ದು ಅದಕ್ಕಿಂತ ಹೆಚ್ಚು: 4ಕೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ತೆಗೆದರೆ ಗಂಟೆಗೆ 45 ಜಿಬಿ. ಸಿ ಡ್ರೈವಿನಲ್ಲಿ ವಿಂಡೋಸ್ ಮತ್ತು ಆಟ, ಡಿ ಡ್ರೈವಿನಲ್ಲಿ ವಿಡಿಯೋ ಎಂದು ಭಾಗ ಮಾಡಿಟ್ಟಿದ್ದ. ಎರಡೂ ತುಂಬಿ ಕೆಂಪಾಗಿದ್ದವು. ಸಿದ್ದಾಪುರದ ಕಡೆಯ ಒಂದು ಮದುವೆಯ ವಿಡಿಯೋ ಅರ್ಧ ಎಡಿಟ್ ಆಗಿ ಡಿ ಡ್ರೈವಿನಲ್ಲಿ ಕೂತಿತ್ತು. ಅದನ್ನು ಮುಗಿಸಿ ಕೊಡಲು ಜಾಗ ಬೇಕೆಂದೇ 1 ಟಿಬಿ ಹಾಕಿಸಲು ಹೋದದ್ದು.

ಅಂಗಡಿಯವರು ಹಿಂದಿನ ಮುಚ್ಚಳ ತೆಗೆದು ಒಳಗೆ ನೋಡಿ, "ಇದರಲ್ಲಿ ಇರೂದು ಒಂದೇ ಸ್ಲಾಟ್. ಹಳೇದು ತೆಗೀಲೇಬೇಕು" ಅಂದರು. ತಮ್ಮ ಒಪ್ಪಿದ, ಆದರೆ ಸ್ಪಷ್ಟವಾಗಿ ಹೇಳಿದ: ಡಿ ಡ್ರೈವ್ ಸಮೇತ ಎಲ್ಲವೂ ಹೊಸದಕ್ಕೆ ಬರಬೇಕು, ಹಳೆಯದನ್ನು ವಾಪಸ್ ಕೊಡಬೇಕು. ವಾಟ್ಸ್ಆ್ಯಪ್‌ನಲ್ಲೂ ಅದನ್ನೇ ಬರೆದು ಕಳಿಸಿದ. ಅವರಿಂದ "ಓಕೆ" ಎಂದು ಉತ್ತರವೂ ಬಂತು. ಲ್ಯಾಪ್‌ಟಾಪ್ ತರಲು ಹೋದಾಗ ಮಾತ್ರ ಮಾತು ಬದಲಾಗಿತ್ತು. "ಹಳೇದು ಎಕ್ಸ್‌ಚೇಂಜಲ್ಲಿ ಹಿಡದು ರೇಟ್ ಕಮ್ಮಿ ಮಾಡಿದ್ದೆ. ಡೇಟಾ ಎಲ್ಲಾ ಹೊಸದಕ್ಕೆ ಹಾಕಿದೆ" ಅಂದರು. ತಮ್ಮ ಅಲ್ಲೇ ಆನ್ ಮಾಡಿ ನೋಡಿದ. ಡೆಸ್ಕ್‌ಟಾಪ್ ಇತ್ತು, ಡಾಕ್ಯುಮೆಂಟ್ಸ್ ಇತ್ತು, ಡೌನ್‌ಲೋಡ್ಸ್ ಇತ್ತು. ಡಿ ಡ್ರೈವ್ ಎಂಬುದೇ ಇರಲಿಲ್ಲ. ಕ್ಲೋನ್, ಅಂದರೆ ಹಳೆಯ ಡ್ರೈವಿನ ಇದ್ದ ಹಾಗಿನ ಪೂರ್ತಿ ನಕಲು, ಮಾಡಿರಲಿಲ್ಲ; ಹೊಸದಾಗಿ ವಿಂಡೋಸ್ ಹಾಕಿ, ಕಣ್ಣಿಗೆ ಬಿದ್ದ ಫೋಲ್ಡರುಗಳನ್ನಷ್ಟೇ ಕಾಪಿ ಮಾಡಿದ್ದರು.

ಹಳೆಯ ಡ್ರೈವ್ ಎಲ್ಲಿ ಎಂದು ಕೇಳಿದರೆ ಅದು ಆಗಲೇ ಮಾರಾಟವಾಗಿತ್ತು. "ಕುಮಟಾ ಕಡೆಯವ್ರು ತಗೊಂಡು ಹೋದ್ರು. ಫಾರ್ಮ್ಯಾಟ್ ಮಾಡೇ ಕೊಟ್ಟದ್ದು, ನಿಮ್ದು ಎಂತದೂ ಹೊರಗೆ ಹೋಗೂದಿಲ್ಲ." ಯಾರು ತೆಗೆದುಕೊಂಡು ಹೋದದ್ದು, ನಂಬರ್ ಇದೆಯೇ ಎಂದು ನಾನು ಫೋನ್ ಮಾಡಿ ಕೇಳಿದೆ. "ಗೊತ್ತಿಲ್ಲ ಅಕ್ಕಾ, ಕ್ಯಾಶ್ ಕೊಟ್ಟು ಹೋದ್ರು" ಅಂದರು.

ಕ್ಯಾಮೆರಾದ ಕಾರ್ಡುಗಳು ಅಷ್ಟರಲ್ಲಿ ಮುಂದಿನ ಕಾರ್ಯಕ್ರಮಗಳಿಗೆ ಬಳಕೆಯಾಗಿದ್ದವು. ಮದುವೆ ಮನೆಗೆ ಹೋಗಿ ಹೇಳಲೇಬೇಕಿತ್ತು, ತಮ್ಮನ ಜೊತೆ ನಾನೂ ಹೋದೆ. ಹುಡುಗಿಯ ತಾಯಿ ಸಿಟ್ಟು ಮಾಡಲಿಲ್ಲ. "ಧಾರೆ ಎರೆದದ್ದಾದ್ರೂ ಉಳಿದಿದ್ಯಾ ತಮಾ?" ಎಂದು ಕೇಳಿದರು, ಅಷ್ಟೇ. ಧಾರೆಯೂ ಉಳಿದಿರಲಿಲ್ಲ. ಯಾರದೋ ಮೊಬೈಲಿನಲ್ಲಿದ್ದ ತುಣುಕುಗಳು, ಫೋಟೋದವರ ಬಳಿ ಇದ್ದ ಚಿತ್ರಗಳು, ಇಷ್ಟೇ ಆ ಮನೆಯವರಿಗೆ ಸಿಕ್ಕಿದ್ದು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ "ಫಾರ್ಮ್ಯಾಟ್ ಆದರೇನಂತೆ, ರಿಕವರಿ ಮಾಡಿಸಿದರಾಯಿತು" ಎಂದು ಹೇಳಿದವರು ಬಹಳ ಜನ. ಅದು ಹಳೆಯ ಹಾರ್ಡ್ ಡಿಸ್ಕಿನ ಕಾಲದ ಮಾತು. ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅಳಿಯುವುದು ಪಟ್ಟಿ ಮಾತ್ರ. ಮೇಲೆ ಬೇರೆಯದನ್ನು ಬರೆಯುವ ತನಕ ಫೈಲು ಅಲ್ಲೇ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಅದರ ಚಿಪ್ಪಿನಲ್ಲಿ ಹಳೆಯದನ್ನು ಅಳಿಸದೆ ಹೊಸದನ್ನು ಬರೆಯಲು ಬರುವುದಿಲ್ಲ. ಅದಕ್ಕಾಗಿ ವಿಂಡೋಸ್ ಫೈಲ್ ಡಿಲೀಟ್ ಆದಾಗ, ಫಾರ್ಮ್ಯಾಟ್ ಆದಾಗ "ಈ ಜಾಗ ಇನ್ನು ಬೇಡ" ಎಂದು ಡ್ರೈವಿಗೆ ತಿಳಿಸುತ್ತದೆ. ಟ್ರಿಮ್ ಎನ್ನುವುದು ಇದಕ್ಕೇ. ಆ ಆದೇಶ ಸಿಕ್ಕ ಮೇಲೆ ಡ್ರೈವ್ ತನ್ನ ಪಾಡಿಗೆ ತಾನು ಆ ಜಾಗವನ್ನು ಖಾಲಿ ಮಾಡಿಕೊಳ್ಳುತ್ತದೆ. ಆಮೇಲೆ ಯಾವ ಲ್ಯಾಬಿಗೆ ಒಯ್ದರೂ ಹೊರಗೆ ತೆಗೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರಂತೂ, ಅಂದರೆ ಕೀ ಇಲ್ಲದೆ ಓದಲು ಬಾರದಂತೆ ಇದ್ದರಂತೂ, ಕೇಳುವುದೇ ಬೇಡ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಕೆಲವು ವಾರ ಕಳೆದ ಮೇಲೆ, ಮಳೆ ಹಿಡಿದ ಹೊತ್ತಿನಲ್ಲಿ, ಲ್ಯಾಪ್‌ಟಾಪ್ ಆಟದ ನಡುವೆ ಗಕ್ಕನೆ ನಿಲ್ಲತೊಡಗಿತು. ನೀಲಿ ಪರದೆ, ರೀಸ್ಟಾರ್ಟ್, ಕೊನೆಗೊಂದು ದಿನ "ನೋ ಬೂಟಬಲ್ ಡಿವೈಸ್". ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ಕೆಲಸ ಮಾಡುವ ನಮ್ಮ ನೆಂಟರ ಹುಡುಗ ಹಬ್ಬಕ್ಕೆ ಊರಿಗೆ ಬಂದಿದ್ದ. ಅವನು ಜಗಲಿಯಲ್ಲೇ ಕೂತು ಬಿಚ್ಚಿದ. ಒಳಗಿನದನ್ನು ನಾನು ಕಣ್ಣಾರೆ ನೋಡಿದೆ. ಎಂ.2 ಎಂಬ ತೆಳ್ಳನೆಯ ಪಟ್ಟಿಯಂಥ ಎಸ್‌ಎಸ್‌ಡಿಯ ಒಂದು ತುದಿ ಸ್ಲಾಟಿನಲ್ಲಿ ಕೂರುತ್ತದೆ, ಇನ್ನೊಂದು ತುದಿಯನ್ನು ಸಣ್ಣ ಸ್ಕ್ರೂ ಹಾಕಿ ಒತ್ತಿ ಹಿಡಿಸಬೇಕು. ಇಲ್ಲದಿದ್ದರೆ ಅದು ಓರೆಯಾಗಿ ಮೇಲಕ್ಕೆ ಏಳುತ್ತದೆ. ಇದರಲ್ಲಿ ಸ್ಕ್ರೂ ಇರಲಿಲ್ಲ. ಕರೆಂಟ್ ವೈರಿಗೆ ಸುತ್ತುವ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದ್ದರು. ಕಾವಿಗೆ ಅದರ ಅಂಟು ಕರಗಿ, ಡ್ರೈವ್ ಅರ್ಧ ಎದ್ದು ನಿಂತಿತ್ತು. ಶಾಖ ಹೊರಗೆ ಬಿಡಲು ಮೊದಲಿದ್ದ ಲೋಹದ ಹೀಟ್‌ಸಿಂಕ್ ಕಾಣೆಯಾಗಿತ್ತು. ಬದಲಿಗೆ ಹಾಕಿದ್ದ ಥರ್ಮಲ್ ಪ್ಯಾಡಿನ ಮೇಲಿನ ನೀಲಿ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ. ಅದನ್ನು ಕೀಳದಿದ್ದರೆ ಪ್ಯಾಡ್ ಸರಿಯಾಗಿ ಅಂಟಿ ಶಾಖ ಎಳೆಯುವುದಿಲ್ಲ.

ಅದರ ಪಕ್ಕದಲ್ಲೇ ಎರಡನೇ ಎಂ.2 ಸ್ಲಾಟ್ ಖಾಲಿ ಬಿದ್ದಿತ್ತು. ಸ್ಕ್ರೂ ಕೂರಿಸುವ ಹಿತ್ತಾಳೆ ಗೂಟ ಸಮೇತ. ಹಳೆಯ ಡ್ರೈವನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಅದನ್ನು ಕಂಡಾಗ ನನಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ. ಮುಚ್ಚಳ ತೆಗೆದವರ ಕಣ್ಣಿಗೆ ಆ ಸ್ಲಾಟ್ ಬೀಳದೆ ಇರಲು ಸಾಧ್ಯವಿಲ್ಲ. ಕಂಪನಿಯಿಂದ ಬಂದ ಒಳ್ಳೆಯ ಡ್ರೈವಿಗೆ ಪೇಟೆಯಲ್ಲಿ ಬೆಲೆ ಇದೆ, ಅದಕ್ಕೇ "ಒಂದೇ ಸ್ಲಾಟ್" ಎಂಬ ಸುಳ್ಳು.

ಡ್ರೈವನ್ನು ಸರಿಯಾಗಿ ಕೂರಿಸಿದ ಮೇಲೆ ಲ್ಯಾಪ್‌ಟಾಪ್ ಶುರುವಾಯಿತು. ಹುಡುಗ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ತೋರಿಸಿದ. "ಹೊಸ" ಡ್ರೈವ್ 9,000 ಗಂಟೆಗೂ ಹೆಚ್ಚು ಓಡಿತ್ತು. ವರ್ಷಕ್ಕೆ 8,760 ಗಂಟೆ. ಅಂದರೆ ಹಗಲು ರಾತ್ರಿ ನಿಲ್ಲಿಸದೆ ಒಂದು ವರ್ಷಕ್ಕೂ ಮಿಕ್ಕಿ ಎಲ್ಲೋ ದುಡಿದ ಡ್ರೈವದು. ಮೇಲಿನ ಸ್ಟಿಕ್ಕರಿನ ಸೀರಿಯಲ್ ನಂಬರೇ ಬೇರೆ, ತಂತ್ರಾಂಶ ತೋರಿಸಿದ ನಂಬರೇ ಬೇರೆ. ದೊಡ್ಡ ವಿಡಿಯೋ ಕಾಪಿ ಮಾಡಿದರೆ ಮೊದಲು ಸೆಕೆಂಡಿಗೆ ಸಾವಿರ ಎಂಬಿ ತೋರಿಸಿ, ಸ್ವಲ್ಪ ಹೊತ್ತಿಗೆ ನೂರರ ಕೆಳಗೆ ಇಳಿಯುತ್ತಿತ್ತು. ಕ್ಯೂಎಲ್‌ಸಿ (ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ) ಚಿಪ್ಪಿನ ಅಗ್ಗದ ಡ್ರೈವುಗಳು ಹೀಗೆಯೇ: ಸ್ವಲ್ಪ ಜಾಗವನ್ನು ವೇಗದ ಕ್ಯಾಶೆಯಾಗಿ (ತಾತ್ಕಾಲಿಕ ಜಾಗವಾಗಿ) ಬಳಸುತ್ತವೆ, ಅದು ತುಂಬಿದ ಮೇಲೆ ಹಾರ್ಡ್ ಡಿಸ್ಕಿಗಿಂತ ನಿಧಾನ ಆಗುವುದೂ ಉಂಟು. ಆಟ ಆಡುವವರಿಗೆ ಅಷ್ಟಾಗಿ ಗೊತ್ತಾಗಲಿಕ್ಕಿಲ್ಲ, ವಿಡಿಯೋ ಕೆಲಸದವರಿಗೆ ದಿನವೂ ಗೊತ್ತಾಗುತ್ತದೆ. ಕೇಳಿ ಟಿಎಲ್‌ಸಿಯದ್ದೇ (ಕೋಶಕ್ಕೆ ಮೂರು ಬಿಟ್ಟಿನದ್ದು) ತೆಗೆದುಕೊಳ್ಳಿ.

ವಿಂಡೋಸ್ ಹಾಕಿದ್ದಕ್ಕೂ ಬೇರೆ ದುಡ್ಡು ಹಿಡಿದಿದ್ದರು. ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪಿನಲ್ಲಿ ಅದರ ಕೀ ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ ಇರುತ್ತದೆ. ಅದೇ ಆವೃತ್ತಿಯನ್ನು ಹಾಕಿ ಇಂಟರ್‌ನೆಟ್ ಜೋಡಿಸಿದರೆ ತಾನಾಗಿ ಆಕ್ಟಿವೇಟ್ ಆಗುತ್ತದೆ, ಯಾರಿಗೂ ಲೈಸೆನ್ಸ್ ದುಡ್ಡು ಕೊಡಬೇಕಿಲ್ಲ. ನಮ್ಮದರಲ್ಲಿ ವಿಂಡೋಸಿನ ಹೋಮ್ ಆವೃತ್ತಿ ಇದ್ದದ್ದನ್ನು ತೆಗೆದು ಕದ್ದ ಪ್ರೋ ಆವೃತ್ತಿ ಹಾಕಿ, ಅದು ಓಡಲಿ ಎಂದು ಆ್ಯಂಟಿವೈರಸ್ಸನ್ನೇ ಆಫ್ ಮಾಡಿಟ್ಟಿದ್ದರು. ಅದೇ ಲ್ಯಾಪ್‌ಟಾಪಿನಲ್ಲಿ ಅಪ್ಪನ ಬ್ಯಾಂಕ್ ವ್ಯವಹಾರವೂ ನಡೆಯುತ್ತಿತ್ತು.

ಹಾಗಾಗಿ ಹೇಳುತ್ತೇನೆ, ಹೊರಡುವ ಮೊದಲೇ ನಿಮ್ಮ ಲ್ಯಾಪ್‌ಟಾಪಿನ ಪೂರ್ತಿ ಮಾಡೆಲ್ ನಂಬರ್ ಹಾಕಿ ಕಂಪನಿಯ ಸರ್ವಿಸ್ ಮ್ಯಾನುಯಲ್ ಹುಡುಕಿ. ಎಷ್ಟು ಸ್ಲಾಟ್ ಇದೆ, ಯಾವ ಅಳತೆ, ಎನ್‌ವಿಎಂಇಯೋ ಸಾಟಾವೋ (ಡ್ರೈವ್ ಲ್ಯಾಪ್‌ಟಾಪಿಗೆ ಜೋಡಣೆಯಾಗುವ ಎರಡು ಬಗೆ), ಎಲ್ಲ ಅದರಲ್ಲಿ ಇರುತ್ತದೆ. ಸಾಮಾನ್ಯವಾಗಿ ಬರುವುದು 2280, ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, ಕೆಲವು ಕಡೆ ಎರಡನೇ ಸ್ಲಾಟ್ ಗಿಡ್ಡ ಇರುವುದೂ ಉಂಟು. ನೋಡಲು ಒಂದೇ ಥರ ಕಂಡರೂ ಸಾಟಾ ಡ್ರೈವಿನ ವೇಗ ಸೆಕೆಂಡಿಗೆ 550 ಎಂಬಿಗೆ ನಿಲ್ಲುತ್ತದೆ, ಜೆನ್ 3 (ಮೂರನೇ ತಲೆಮಾರಿನ) ಎನ್‌ವಿಎಂಇ 3,500ರ ತನಕ, ಜೆನ್ 4 ಆದರೆ 7,000ದ ಸುತ್ತಮುತ್ತ ಹೋಗುತ್ತದೆ. 1 ಟಿಬಿ ಡ್ರೈವ್ ವಿಂಡೋಸಿನಲ್ಲಿ 931 ಜಿಬಿ ಎಂದು ಕಾಣುವುದು ಮೋಸವಲ್ಲ, ಎಣಿಸುವ ಲೆಕ್ಕ ಬೇರೆ.

ಇನ್ನೊಂದು, ಬಿಟ್‌ಲಾಕರ್ ಕೀ, ಅಂದರೆ ವಿಂಡೋಸ್ ಡ್ರೈವಿಗೆ ಹಾಕುವ ಬೀಗದ ಕೀ. ವಿಂಡೋಸ್ 11ರ ಬಹಳ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆದ ಕೂಡಲೇ ಡ್ರೈವ್ ತಾನಾಗಿ ಎನ್‌ಕ್ರಿಪ್ಟ್ ಆಗಿರುತ್ತದೆ. 2024ರಲ್ಲಿ ಬಂದ 24ಎಚ್2 ಆವೃತ್ತಿಯ ನಂತರ ಇದು ಇನ್ನೂ ಹೆಚ್ಚಾಗಿದೆ. ಬಯೋಸ್ (ಲ್ಯಾಪ್‌ಟಾಪ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ಮುಟ್ಟಿದರೆ, ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ, ಲ್ಯಾಪ್‌ಟಾಪ್ ಕೊಡುವ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಬಿಚ್ಚುವಾಗ ಎದುರಿಗೇ ನಿಲ್ಲಿ. "ಬಿಟ್ಟು ಹೋಗಿ, ಸಂಜೆ ಬನ್ನಿ" ಎಂದರೆ ಬೇರೆ ಅಂಗಡಿ ನೋಡಿ. ಡ್ರೈವ್ ಹಾಕುವುದು ಬ್ಯಾಟರಿ ಕನೆಕ್ಟರ್ ಬಿಡಿಸಿ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಹಳೆಯದನ್ನು ತೆಗೆಯಲೇಬೇಕಾದರೆ ತೆಗೆದ ಕೂಡಲೇ ಕೈಗೆ ಇಸಿದುಕೊಳ್ಳಿ. ಕಾಪಿ ಮಾಡುವಾಗ ಮಾತ್ರ ಕೊಡಿ, ಎಲ್ಲ ಸರಿ ಬಂದಿದೆ ಎಂದು ಖಾತ್ರಿಯಾಗುವ ತನಕ ಫಾರ್ಮ್ಯಾಟ್ ಮಾಡಲು ಬಿಡಬೇಡಿ. ಯುಎಸ್‌ಬಿ ಎನ್‌ಕ್ಲೋಜರ್ (ಡ್ರೈವ್ ಇಡುವ ಪುಟ್ಟ ಪೆಟ್ಟಿಗೆ) ತಂದು ಹಾಕಿದರೆ ಅದೇ ನಿಮ್ಮ ಬ್ಯಾಕಪ್ ಡಿಸ್ಕ್ ಆಗುತ್ತದೆ. ಎಕ್ಸ್‌ಚೇಂಜಿನ ಆಸೆಗೆ ಕೊಡಬೇಡಿ. ಆಧಾರ್ ಪ್ರತಿ, ಪಾಸ್‌ಬುಕ್ಕಿನ ಫೋಟೋ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಎಲ್ಲ ಅದರೊಳಗೇ ಇರುತ್ತವೆ.

ಬಿಲ್ ವಿಷಯ. ನಮಗೆ ಕೊಟ್ಟದ್ದು ಬಿಳಿ ಚೀಟಿ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ, ಡ್ರೈವಿನ ಮೂರೋ ಐದೋ ವರ್ಷದ ವಾರಂಟಿಗೆ ಆಧಾರ ಅದೇ. ನಮ್ಮನ್ನು ಉಳಿಸಿದ್ದು ವಾಟ್ಸ್ಆ್ಯಪ್ ಸಂದೇಶ, ಯುಪಿಐ ಪಾವತಿಯ ದಾಖಲೆ ಮತ್ತು ಬಿಚ್ಚಿದಾಗ ತೆಗೆದ ಫೋಟೋಗಳು. 1915 ಗ್ರಾಹಕ ಸಹಾಯವಾಣಿ. ಅದರಲ್ಲಿ ಬಗೆಹರಿಯದಿದ್ದರೆ ನಮ್ಮ ಜಿಲ್ಲೆಯ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ ಕಾರವಾರದಲ್ಲಿದೆ. 2019ರ ಕಾಯ್ದೆಯಂತೆ ವಸ್ತು ಎಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದ ಒಳಗೆ ಕೊಡಬೇಕು, ಐದು ಲಕ್ಷದ ತನಕದ ವ್ಯವಹಾರಕ್ಕೆ ಶುಲ್ಕ ಇಲ್ಲ. ದೂರನ್ನು ಆನ್‌ಲೈನಿನಲ್ಲೂ ಸಲ್ಲಿಸಬಹುದು. ದಾಖಲೆಗಳನ್ನೆಲ್ಲ ಮುಂದಿಟ್ಟು ಆಯೋಗಕ್ಕೆ ಹೋಗುತ್ತೇವೆ ಎಂದಾಗ ಅಂಗಡಿಯವರು ಡ್ರೈವಿನ ದುಡ್ಡು ವಾಪಸ್ ಕೊಟ್ಟರು. ಮದುವೆಯ ವಿಡಿಯೋಕ್ಕೆ ಅವರಲ್ಲಿ ಉತ್ತರ ಇರಲಿಲ್ಲ.

ಫಾರ್ಮ್ಯಾಟ್ ಮಾಡಿದ್ದೇವೆ ಎಂಬ ಅವರ ಮಾತನ್ನೂ ನಾನು ಪೂರ್ತಿ ನಂಬಿಲ್ಲ. ಕುಮಟಾ, ಹೊನ್ನಾವರ, ಅಂಕೋಲಾ ಕಡೆಯಲ್ಲಿ ಯಾರಾದರೂ ಈ ಮಳೆಗಾಲದ ಮುಂಚೆ ಶಿರಸಿಯಲ್ಲಿ ಬಳಸಿದ 512 ಜಿಬಿ ಎಸ್‌ಎಸ್‌ಡಿ ಕೊಂಡಿದ್ದು, ಅದರಲ್ಲಿ ಎರಡನೇ ಪಾರ್ಟಿಷನ್ (ಆ ಡಿ ಡ್ರೈವ್) ಹಾಗೇ ಉಳಿದಿದ್ದರೆ ಅಥವಾ ಬಿಟ್‌ಲಾಕರ್ ಕೀ ಕೇಳುತ್ತಿದ್ದರೆ, ದಯವಿಟ್ಟು ಏನನ್ನೂ ಅಳಿಸಬೇಡಿ, ನನಗೊಂದು ಸಂದೇಶ ಕಳಿಸಿ. ಕೀ ನಮ್ಮ ಬಳಿ ಇದೆ. ಡ್ರೈವ್ ನಿಮ್ಮ ಹತ್ತಿರವೇ ಇರಲಿ, ಆ ಮದುವೆಯ ಫೋಲ್ಡರಿನ ಕಾಪಿ ಸಿಕ್ಕರೆ ಸಾಕು. ಎಲ್ಲಿದ್ದರೂ ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ.