ಮ್ಯಾಚ್ ನೋಡೋಕೆ ದುರ್ಗಿಗುಡಿ ಕಡೆಯ ಆ ಕೆಫೆ ಹೇಗಿದೆ?

ಶಿವಮೊಗ್ಗದಲ್ಲಿ ಕ್ರಿಕೆಟ್ ಬಿಟ್ಟು ಫುಟ್‌ಬಾಲ್‌ಗೆ ದೊಡ್ಡ ಪರದೆ ಹಾಕುವವರು ಕಡಿಮೆ. ಅದಕ್ಕೇ ಈ ಕೆಫೆಗೆ ಐದಕ್ಕೆ ಮೂರು. 2025ರ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಪ್ಲೇಆಫ್, ಅಂದರೆ ಕೊನೆಯ ನಾಕೌಟ್ ಪಂದ್ಯಗಳನ್ನ ಪೂರ್ತಿ ಇಲ್ಲೇ ನೋಡಿದೆವು.

ಪರದೆ ಚೆನ್ನಾಗಿದೆ, ಆದರೆ ನೆಟ್ ನಿಧಾನ. ಗೋವಾ ಜೊತೆಗಿನ ಸೆಮಿಫೈನಲ್ ನೆನಪಿದೆಯಲ್ಲ? ಬೆಂಗಳೂರು ಎಫ್‌ಸಿ ಮೊದಲ ಪಂದ್ಯ 2-0 ಗೆದ್ದಿತ್ತು, ಆದರೂ ಎರಡನೆಯದರಲ್ಲಿ ನಮ್ಮ ಡಿಫೆನ್ಸ್ ಹಿಂದೆ ಹಿಂದೆ ಸರಿದು ನಮ್ಮ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್‌ನಲ್ಲೇ ಕೂತಾಗ ಎಲ್ಲರಿಗೂ ಎದೆ ಢವಢವ. 88ನೇ ನಿಮಿಷದಲ್ಲಿ ಗೋವಾ ಎರಡೂ ಪಂದ್ಯದ ಗೋಲು ಸೇರಿಸಿದ ಲೆಕ್ಕ ಸಮ ಮಾಡಿದ ಸುದ್ದಿ ಪಕ್ಕದ ಟೇಬಲ್‌ನವರ ಫೋನಿಗೆ ಮೊದಲು ಬಂತು! ಪರದೆಯಲ್ಲಿ ಚೆಂಡು ಇನ್ನೂ ಮಧ್ಯದಲ್ಲೇ ಇತ್ತು. ಆಮೇಲೆ 90 ನಿಮಿಷ ಮುಗಿದ ಮೇಲಿನ ಇಂಜುರಿ ಟೈಮ್‌ನಲ್ಲಿ ನಮ್ಮ ಸುನಿಲ್ ಛೆಟ್ರಿ ತಲೆ ಕೊಟ್ಟು ಗೋಲು ಹೊಡೆದು ಉಳಿಸಿದರು ಅನ್ನಿ. ಫೈನಲ್‌ನಲ್ಲಿ ಮಾತ್ರ ಆ ಭಯ ನಿಜವಾಯಿತು. 1-0 ಮುಂದಿದ್ದ ನಮ್ಮವರು ಬಾಕ್ಸ್‌ನಲ್ಲಿ ಚೆಂಡು ಕೈಗೆ ತಗುಲಿಸಿಕೊಂಡು ಪೆನಾಲ್ಟಿ ಕೊಟ್ಟರು, ಕೋಲ್ಕತ್ತಾದ ಮೋಹನ್ ಬಗಾನ್ 2-1ಕ್ಕೆ ಗೆದ್ದಿತು.

ಕಾಫಿ ಗಟ್ಟಿಯಾಗಿದೆ, ಮಿರ್ಚಿ ಬಿಸಿ ಬಿಸಿ. ಮಂಡಕ್ಕಿ ಮೆತ್ತಗೆ, ಸುಮ್ನೆ ತಗೋಬೇಡಿ. ಹುಡುಗರು ಒಳ್ಳೆಯವರು, ಒಂದೇ ಕಾಫಿ ಹಿಡಿದು ಎರಡು ಗಂಟೆ ಕೂತರೂ ಏಳಿಸುವುದಿಲ್ಲ. ಆದರೆ ಫೈನಲ್‌ನ ಆ ಪೆನಾಲ್ಟಿ ಹೊತ್ತಿಗೆ ಸರಿಯಾಗಿ ಬಿಲ್ ತಂದು ಪರದೆಗೆ ಅಡ್ಡ ನಿಲ್ಲೋದು ಯಾವ ನ್ಯಾಯ ಅಲ್ವಾ?

ಹೋಗುವವರು ಗೋಡೆ ಪಕ್ಕದ ಬೆಂಚ್ ಹಿಡಿಯಿರಿ, ಫೋನಿನ ನೋಟಿಫಿಕೇಶನ್ ಆಫ್ ಮಾಡಿ. ಬೈಕ್ ನಿಲ್ಲಿಸೋಕೆ ಜಾಗ ಇಲ್ಲ.