ದಾಂಡೇಲಿ ಕಡೆ ‘ಕಾಡಿನ ಮಧ್ಯದ ಲಾಡ್ಜ್’ ಬುಕ್ ಮಾಡುವವರು ಮೊದಲು ಇದನ್ನು ಓದಿ

ರಜೆ ಬರುತ್ತಿದೆ. ದಾಂಡೇಲಿಗೆ ಹೋಗೋಣ, ಜೋಯಿಡಾಗೆ ಹೋಗೋಣ ಅಂತ ಎಷ್ಟೋ ಮನೆಗಳಲ್ಲಿ ಮಾತು ಶುರುವಾಗಿರುತ್ತದೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಮಧ್ಯದ ಏಜೆಂಟ್ ಕೈಗೆ ಪೂರ್ತಿ ದುಡ್ಡು ಕೊಡಬೇಡಿ. ದಾರಿಯಲ್ಲಿ ಇರುವಾಗ ಅಂತೂ ಕೊಡಲೇಬೇಡಿ. ಹಾಗೆ ಕೊಟ್ಟು ನಾವು ಮೋಸ ಹೋದೆವು. ನಮ್ಮ ಮನೆಯವರು ‘ಹೋಗಲಿ ಬಿಡು, ಊರಿಗೆಲ್ಲ ಯಾಕೆ ಹೇಳ್ತೀಯ’ ಅಂದರು. ನನಗೆ ಬಿಡಲು ಆಗುತ್ತಿಲ್ಲ. ನೆನಪಾದಾಗಲೆಲ್ಲ ಮೈ ಉರಿಯುತ್ತದೆ, ನಾಚಿಕೆಯೂ ಆಗುತ್ತದೆ.

ನಮ್ಮಪ್ಪ ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು. ಹಕ್ಕಿ ನೋಡುವುದು ಅಂದರೆ ಪ್ರಾಣ. ಮಂಗಟ್ಟೆ ಹಕ್ಕಿಯನ್ನು (ಹಾರ್ನ್‌ಬಿಲ್) ಕಾಡಿನಲ್ಲೇ ನೋಡಬೇಕು ಅಂತ ವರ್ಷಗಳಿಂದ ಹೇಳುತ್ತಿದ್ದರು. ದಾಂಡೇಲಿ ಸುತ್ತ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಗೂಡು ಕಟ್ಟುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳು ಮಾತ್ರ ಬಿಟ್ಟು. ಗಂಡು ಹಣ್ಣು ತಂದು ಆ ಸೀಳಿನಲ್ಲೇ ತಿನ್ನಿಸುತ್ತದೆ. ಇದನ್ನು ಅಪ್ಪ ಮಕ್ಕಳಿಗೆ ಪಾಠ ಮಾಡಿದ್ದಾರೆ, ಕಣ್ಣಾರೆ ನೋಡಿಲ್ಲ. ಹಾಗಾಗಿ ಸಂಕ್ರಾಂತಿ ಮುಗಿದ ಮೇಲೆ ಹೋಗಿ, ಸದ್ದುಗದ್ದಲ ಇಲ್ಲದ ಕಡೆ ಒಂದು ವಾರ ಇದ್ದು ಬರೋಣ ಅಂತ ನಿರ್ಧಾರ ಮಾಡಿದೆವು. ಅಪ್ಪ, ಅಮ್ಮ, ನಾನು, ನಮ್ಮ ಮನೆಯವರು.

ಫೇಸ್‌ಬುಕ್‌ನಲ್ಲಿ ಒಂದು ಜಾಹೀರಾತು ಸಿಕ್ಕಿತು. ಕಂಬದ ಮೇಲೆ ನಿಂತ ಮರದ ಕಾಟೇಜ್, ಕೆಳಗೆ ಹಳ್ಳ, ಸುತ್ತ ದಟ್ಟ ಕಾಡು. ‘ಜೋಯಿಡಾ ಕಾಡಿನ ಒಳಗೆ, ಕಾಳಿ ನದಿ ಪಕ್ಕ’ ಅಂತ ಬರೆದಿತ್ತು. ಫೋನ್ ಮಾಡಿದೆ. ಎತ್ತಿದವನ ಮಾತು ಬಹಳ ನಯ. ‘ಮೇಡಂ, ಹಿರೇರನ್ನ ಕರ್ಕೊಂಡ್ ಬರಾಕತ್ತೀರಿ, ಅವ್ರು ನಮ್ಮ ಅಪ್ಪಾ ಅವ್ವ ಇದ್ದಂಗ್ರಿ’ ಅಂದ. ಡಿಜೆ, ರೇನ್ ಡ್ಯಾನ್ಸ್ ಏನಾದರೂ ಇದೆಯಾ ಅಂತ ನಾನು ಬಾಯಿ ಬಿಟ್ಟು ಕೇಳಿದ್ದೇನೆ. ‘ಏ, ಅದೆಲ್ಲಾ ನಮ್ಮಲ್ಲಿ ಇಲ್ರಿ ಮೇಡಂ. ರಾತ್ರಿ ಬರೇ ಜೀರುಂಡೆ ಸಪ್ಪಳ’ ಅಂದ. ಆ ಮೆಸೇಜ್ ಇವತ್ತಿಗೂ ನನ್ನ ಫೋನ್‌ನಲ್ಲಿದೆ. ಎಂಟು ಸಾವಿರ ಅಡ್ವಾನ್ಸ್ ಹಾಕಿದೆ. ರಸೀದಿ ಅಂತ ಒಂದು ಚಿತ್ರ ಕಳಿಸಿದ. ಅದರಲ್ಲಿ ‘ಜಂಗಲ್ ಸ್ಟೇ ಪ್ಯಾಕೇಜ್’ ಅಂತ ಇತ್ತು. ಯಾವ ಲಾಡ್ಜ್, ಯಾವ ಊರು, ಒಂದೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಅವನ ಆಟ ಎಲ್ಲ ನಿಂತಿರುವುದು ಇದರ ಮೇಲೇ.

ದಾವಣಗೆರೆಯಿಂದ ಹೊರಟೆವು. ಹುಬ್ಬಳ್ಳಿ, ಧಾರವಾಡ ದಾಟಿ ಹಳಿಯಾಳದ ರಸ್ತೆ ಹಿಡಿದೆವು. ಧಾರವಾಡದಿಂದ ದಾಂಡೇಲಿ ಸುಮಾರು 55 ಕಿಲೋಮೀಟರ್. ಮರಗಳು ಜಾಸ್ತಿ ಆಗುತ್ತಾ ಹೋದಂತೆ ಅಪ್ಪ ಕಿಟಕಿ ಗಾಜು ಇಳಿಸಿ ಕೂತರು. ಹಳಿಯಾಳದಲ್ಲಿ ಟೀ ಕುಡಿಯುವಾಗ ಅವನ ಫೋನ್ ಬಂತು. ‘ಮೇಡಂ, ಮುಂದ ಜೋಯಿಡಾ ಕಡೆ ನೆಟ್‌ವರ್ಕ್ ಇರಂಗಿಲ್ರಿ. ಫೋನ್‌ಪೇ ಆಗಂಗಿಲ್ಲ. ಬಾಕಿ ಈಗ್ಲೇ ಹಾಕಿಬಿಡ್ರಿ, ಅಲ್ಲಿ ಹೋಗಿ ನಿಮಗ ತ್ರಾಸ್ ಆಗ್ತೈತಿ.’ ಆ ಕಾಡಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಅನ್ನುವುದು ನಿಜವೇ, ಹೋದವರಿಗೆಲ್ಲ ಗೊತ್ತು. ನಿಜದ ಮಾತಿನ ಒಳಗೇ ಸುಳ್ಳನ್ನು ಇಟ್ಟು ಕೊಟ್ಟ ಅವನು. ಹತ್ತೊಂಬತ್ತೂವರೆ ಸಾವಿರ ಹಾಕಿದೆ. ‘ಥ್ಯಾಂಕ್ಯೂ ಮೇಡಂ, ಹ್ಯಾಪಿ ಜರ್ನಿ’ ಅಂತ ಮೆಸೇಜ್ ಬಂತು, ಜೊತೆಗೆ ಕೈ ಮುಗಿದ ಚಿತ್ರ.

ಹಳಿಯಾಳ ಬಿಟ್ಟು ಸ್ವಲ್ಪ ಹೊತ್ತಿಗೇ ಮತ್ತೆ ಫೋನ್. ಈ ಸಲ ದನಿ ಬೇರೆ, ಅವಸರ ಅವಸರ. ‘ಮೇಡಂ, ಒಂದ್ ಸಣ್ ಪ್ರಾಬ್ಲಮ್ ಆಗೈತ್ರಿ. ಆ ಪ್ರಾಪರ್ಟಿಗೆ ಹೋಗೋ ದಾರ್ಯಾಗ ಮರ ಬಿದ್ದೈತಿ. ನಮ್ದ ಸಿಸ್ಟರ್ ಪ್ರಾಪರ್ಟಿ ದಾಂಡೇಲಿ ಹತ್ರ ಐತಿ, ಅದಕ್ಕಿಂತ ಚೊಲೋ ಐತಿ. ಬಸ್ ಸ್ಟ್ಯಾಂಡ್ ಹತ್ರ ನಿಲ್ರಿ, ನಮ್ ಹುಡುಗ ಬರ್ತಾನ.’

ಆ ಕ್ಷಣದಲ್ಲೇ ನನಗೆ ಗೊತ್ತಾಯಿತು. ಜನವರಿ ತಿಂಗಳು, ಮಳೆ ಇಲ್ಲ, ಗಾಳಿ ಇಲ್ಲ. ಟೀ ಕುಡಿಯುವಾಗ ಬೀಳದ ಮರ, ದುಡ್ಡು ಹೋದ ಮೇಲೆ ಬಿತ್ತಾ? ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ಹಿಂದಿನ ಸೀಟಿನಲ್ಲಿ ಅಪ್ಪ ‘ಏನಮ್ಮಾ?’ ಅಂದರು. ‘ಏನಿಲ್ಲಪ್ಪಾ’ ಅಂದೆ. ಕತ್ತಲಾಗುವ ಹೊತ್ತು, ವಯಸ್ಸಾದವರು ಜೊತೆಯಲ್ಲಿ, ಗೊತ್ತಿಲ್ಲದ ಊರು. ಈ ಹೊತ್ತು, ಈ ಪರಿಸ್ಥಿತಿ, ಎಲ್ಲ ಅವನಿಗೆ ಗೊತ್ತಿತ್ತು. ಅದಕ್ಕೇ ಬೆಳಿಗ್ಗೆ ಮರ ಬೀಳಲಿಲ್ಲ.

ಬೈಕಿನಲ್ಲಿ ಬಂದ ಹುಡುಗನ ಹಿಂದೆ ಹೋದೆವು. ಕಾಡಿನ ಕಡೆ ಹೋಗಲೇ ಇಲ್ಲ. ಊರಂಚಿನ ಒಂದು ಹೊಲಕ್ಕೆ ತಗಡಿನ ಬೇಲಿ ಹಾಕಿದ್ದರು, ಅದೇ ‘ಜಂಗಲ್ ರೆಸಾರ್ಟ್’. ಗೇಟಿನ ಒಳಗೆ ಕಾಲಿಟ್ಟರೆ ಡಿಜೆ. ಎದೆ ನಡುಗುವಷ್ಟು ಸದ್ದು. ಮೇಲಿಂದ ಪೈಪಿನಲ್ಲಿ ನೀರು ಬಿಟ್ಟು ಹುಡುಗರು ಕುಣಿಯುತ್ತಿದ್ದರು. ರೂಮಿಗೆ ತಗಡಿನ ಗೋಡೆ. ಆ ಗೋಡೆಗೆ ಪ್ಲಾಸ್ಟಿಕ್ ಬಳ್ಳಿ ಅಂಟಿಸಿದ್ದರು, ಎಲೆಗಳ ಮೇಲೆ ಧೂಳು ಕೂತು ಬೂದಿ ಬಣ್ಣಕ್ಕೆ ತಿರುಗಿತ್ತು. ಹಾಸಿಗೆ ಮುಟ್ಟಿದರೆ ತಣ್ಣಗೆ, ಒದ್ದೆ ಒದ್ದೆ. ಬಾತ್‌ರೂಮಿನ ಬಾಗಿಲಿಗೆ ಚಿಲಕವಿಲ್ಲ, ಒಂದು ದಾರ ಕಟ್ಟಿದ್ದರು. ಕಾಳಿ ನದಿ ಎಲ್ಲಿ ಅಂತ ಕೇಳಿದರೆ ‘ಅಲ್ಲೇ ಆ ಕಡೆ, ಗಾಡ್ಯಾಗ ಹೋಗ್ಬೇಕ್ರಿ’ ಅಂದ ಹುಡುಗ.

ಅಪ್ಪ ಕೊರಳಿನಲ್ಲಿ ಬೈನಾಕ್ಯುಲರ್ ಹಾಕಿಕೊಂಡೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಕೌಂಟರಿನಲ್ಲಿದ್ದವರ ಮೇಲೆ ರೇಗಿದೆ. ಅವರು ಪುಸ್ತಕ ತಿರುಗಿಸಿ ತೋರಿಸಿದರು. ‘ಅಕ್ಕಾರ, ನಮಗ ಅವ ಹೇಳಿದ್ದು ನಾಕ್ ಮಂದಿ, ಒಂದ್ ರಾತ್ರಿ. ತಲಿಗೆ ಸಾವಿರದಾ ಇನ್ನೂರು ಹಾಕ್ಯಾನ. ವಾರ ಗೀರ ನಮಗ ಗೊತ್ತಿಲ್ರಿ.’ ಸಿಸ್ಟರ್ ಪ್ರಾಪರ್ಟಿ ಅಲ್ಲವಾ ಅಂದೆ. ‘ಎಲ್ಲೀ ಸಿಸ್ಟರ್‌ರಿ? ಅವ ಏಜೆಂಟ್. ಎಲ್ಲಾ ಕಡೆ ಮಂದಿ ಕಳಸ್ತಾನ’ ಅಂದರು. ಲೆಕ್ಕ ಹಾಕಿ ನೋಡಿ. ನನ್ನಿಂದ ಇಪ್ಪತ್ತೇಳೂವರೆ ಸಾವಿರ, ಇವರಿಗೆ ಐದು ಸಾವಿರವೂ ಇಲ್ಲ. ಅವನ ಹತ್ತಿರ ಲಾಡ್ಜೂ ಇಲ್ಲ, ಕಾಟೇಜೂ ಇಲ್ಲ. ಇರುವುದು ಒಂದು ಫೋನು, ಒಂದಿಷ್ಟು ಫೋಟೋ.

ಮರುದಿನ ಬೆಳಿಗ್ಗೆ ‘ಸಫಾರಿ’ಗೆ ಜೀಪ್ ಬಂತು, ಪ್ಯಾಕೇಜಿನಲ್ಲಿ ಇದೆ ಅಂತ. ಅಪ್ಪ ಡ್ರೈವರನ್ನು ಕೇಳಿದರು, ‘ಅರಣ್ಯ ಇಲಾಖೆ ಟಿಕೆಟ್ ಎಲ್ಲಪ್ಪಾ?’ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸಫಾರಿ ಇಲಾಖೆಯದು. ಪಣಸೋಲಿ ಗೇಟಿನಿಂದ ಹೋಗುತ್ತದೆ, ಟಿಕೆಟ್ ಕೊಡುತ್ತಾರೆ. ‘ಇದು ವಿಲೇಜ್ ಸಫಾರಿ ಸರ್’ ಅಂದ ಅವನು. ಕಾಲುವೆ ದಂಡೆ, ಗದ್ದೆ, ಒಂದು ದನದ ಕೊಟ್ಟಿಗೆ ತೋರಿಸಿ ವಾಪಸ್ ತಂದು ಬಿಟ್ಟ.

ಏಜೆಂಟ್‌ಗೆ ಎಷ್ಟು ಫೋನ್ ಮಾಡಿದೆನೋ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನಿಮಗೂ ಇವೇ ಸಿಗುತ್ತವೆ. ಮೊದಲು, ‘ಸುತ್ತಾ ಮರ ಅದಾವಲ್ರಿ ಮೇಡಂ, ಜಂಗಲ್ ಅಂದ್ರ ಮತ್ತೇನ್ರಿ?’ ಆಮೇಲೆ, ‘ರಿಫಂಡ್ ನಮ್ ಪಾಲಿಸಿಯಾಗ ಇಲ್ಲ. ಒಂದ್ ವರ್ಷದಾಗ ಯಾವಾಗ ಬೇಕಾದ್ರೂ ಮತ್ತ ಬರ್ರಿ, ಅಡ್ಜಸ್ಟ್ ಮಾಡೋಣು.’ ಪೊಲೀಸ್ ಅಂದ ತಕ್ಷಣ ನಯವೆಲ್ಲ ಹೋಯಿತು. ‘ಕೊಡ್ರಿ ಕಂಪ್ಲೇಂಟ್. ರೂಮ್ ಕೊಟ್ಟೇನಿ, ಊಟ ಕೊಟ್ಟೇನಿ. ನಿಮ್ಮಂಥಾ ಕಲ್ತವ್ರು ಹಿಂಗ್ ಮಾತಾಡಬಾರ್ದು.’ ಕಲಿತವರು ಅಂತ ಸುಮ್ನೆ ಇರಬೇಕಂತೆ! ಊರಿಗೆ ಬಂದು ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಎಲ್ಲ ಬರೆದ ಮೇಲೆ ಅವನೇ ಫೋನ್ ಮಾಡಿದ. ‘ಅದನ್ನ ತಗದ್ ಹಾಕ್ರಿ, ಅರ್ಧಾ ರೊಕ್ಕ ಹಾಕ್ತೀನಿ.’ ಮೊದಲು ದುಡ್ಡು ಹಾಕು ಅಂದೆ. ಬ್ಲಾಕ್ ಮಾಡಿದ.

ನಾವು ಅಲ್ಲಿ ಇನ್ನೊಂದು ರಾತ್ರಿ ನಿಲ್ಲಲಿಲ್ಲ. ಗಣೇಶಗುಡಿ, ಜೋಯಿಡಾ ದಾಟಿ ಕುಂಬಾರವಾಡಾ ಕಡೆ ಕೇಳುತ್ತಾ ಹೋಗಿ ಒಂದು ಹೋಂಸ್ಟೇ ಹುಡುಕಿದೆವು. ದಾರಿಯಲ್ಲಿ ಎಲ್ಲೂ ಮರ ಬಿದ್ದಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೋಂಸ್ಟೇ ನಡೆಸುವ ಅಮ್ಮನವರು ಕೆಸುವಿನ ಗೆಡ್ಡೆ ಪಲ್ಯ ಮಾಡಿ ಬಡಿಸಿದರು. ನಮ್ಮ ಕಥೆ ಕೇಳಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅವರ ಮನೆಗೆ ಅಂತಲೇ ಹೊರಟವರನ್ನೂ ದಾಂಡೇಲಿಯಲ್ಲಿ ತಡೆದು ‘ಅದು ಬಂದ್ ಆಗಿದೆ’ ಅಂತ ಬೇರೆ ಕಡೆ ಕರೆದೊಯ್ದಿದ್ದಾರಂತೆ. ಪ್ರಾಮಾಣಿಕವಾಗಿ ದುಡಿಯುವ ಇಂಥವರ ಹೊಟ್ಟೆಗೂ ಕಲ್ಲು ಹಾಕುತ್ತಿದ್ದಾರೆ ಈ ಜನ. ಅಲ್ಲಿ ಅಪ್ಪನಿಗೆ ಮಂಗಟ್ಟೆ ಕಂಡಿತು. ಆದರೆ ಎರಡನೇ ಸಲ ದುಡ್ಡು ಕೊಟ್ಟಿದ್ದರಿಂದ ಅಂದುಕೊಂಡಷ್ಟು ದಿನ ಇರಲು ಆಗಲಿಲ್ಲ.

ಆ ಮರದ ಕಾಟೇಜಿನ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ವಯನಾಡಿನ ಜಾಹೀರಾತಿನಲ್ಲೂ ಬಂತು, ಚಿಕ್ಕಮಗಳೂರಿನ ಜಾಹೀರಾತಿನಲ್ಲೂ ಬಂತು. ಒಂದೇ ಕಾಟೇಜ್, ಒಂದೇ ಹಳ್ಳ! ಮೊನ್ನೆ ತಂಗಿಯ ನಂಬರಿನಿಂದ ಅವನಿಗೆ ಮೆಸೇಜ್ ಹಾಕಿಸಿದೆ. ಅದೇ ಫೋಟೋ ಕಳಿಸಿ ‘ಎರಡೇ ಕಾಟೇಜ್ ಉಳದಾವ್ರಿ’ ಅಂದಿದ್ದಾನೆ. ಇಷ್ಟು ಅವಸರದಲ್ಲಿ ಬರೆಯುತ್ತಿರುವುದು ಅದಕ್ಕೇ.

ಹೋಗುವವರು ದಯವಿಟ್ಟು ಲಾಡ್ಜಿನ ಹೆಸರು, ಊರು ಎರಡನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. ಲಾಡ್ಜಿಗೇ ನೇರ ಫೋನ್ ಮಾಡಿ, ನಿಮ್ಮ ಹೆಸರು ಅವರ ಪುಸ್ತಕದಲ್ಲಿ ಎಷ್ಟು ರಾತ್ರಿಗೆ ಇದೆ ಅಂತ ಕೇಳಿ. ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ನಂಬರ್ ಕೇಳಿ. ನೆಟ್‌ವರ್ಕ್ ಇಲ್ಲ ಅಂದರೆ ನಗದು ತಗೊಂಡು ಹೋಗಿ, ರೂಮ್ ನೋಡಿದ ಮೇಲೆ ಕೊಡಿ. ‘ಸಿಸ್ಟರ್ ಪ್ರಾಪರ್ಟಿ’ ಅನ್ನುವ ಮಾತು ಕಿವಿಗೆ ಬಿದ್ದರೆ ಅಲ್ಲಿಗೇ ಗಾಡಿ ತಿರುಗಿಸಿ. ಹಕ್ಕಿಗೋಸ್ಕರವೇ ಹೋಗುವವರಿಗೆ ಗಣೇಶಗುಡಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಓಲ್ಡ್ ಮ್ಯಾಗಜೀನ್ ಹೌಸ್ ಇದೆ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಕಟ್ಟಡ ಅದು. ಬುಕಿಂಗ್ ಅವರ ವೆಬ್‌ಸೈಟಿನಲ್ಲೇ ಮಾಡಬಹುದು, ಮಧ್ಯದಲ್ಲಿ ಯಾರೂ ಬೇಕಾಗಿಲ್ಲ.

ನಾನು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಪ್ರಕಾರ ನಾವು ವಾಸ ಇರುವ ಊರಿನಲ್ಲೇ ದೂರು ಹಾಕಬಹುದು, ದಾಂಡೇಲಿಗೆ ಅಲೆಯಬೇಕಿಲ್ಲ. ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ನಿಮಗೂ ‘ಮರ ಬಿದ್ದೈತಿ’ ಅಂತ ಯಾರಾದರೂ ಹೇಳಿ ದುಡ್ಡು ನುಂಗಿದ್ದರೆ ಸ್ಕ್ರೀನ್‌ಶಾಟ್, ದುಡ್ಡು ಹಾಕಿದ ದಾಖಲೆ ಯಾವುದನ್ನೂ ಅಳಿಸಬೇಡಿ. ನನಗೆ ತಿಳಿಸಿ. ಒಬ್ಬೊಬ್ಬರೇ ದೂರು ಕೊಟ್ಟರೆ ‘ಕೊಡ್ರಿ’ ಅನ್ನುತ್ತಾನೆ, ಹತ್ತು ಜನ ಒಟ್ಟಿಗೆ ಕೊಡೋಣ.