ಕಯಾಮಾಗೆ ಹೋದರೆ ಬ್ಲೋಹೋಲ್ ನೋಡಿ ವಾಪಸ್ ಓಡಿ ಬರಬೇಡಿ

ಸಿಡ್ನಿಯಲ್ಲಿರುವ ನಮ್ಮವರು ಊರಿನಿಂದ ಅಪ್ಪ-ಅಮ್ಮ ಬಂದಾಗ ದಕ್ಷಿಣದ ಕರಾವಳಿ ಊರು ಕಯಾಮಾಗೆ ಕರೆದುಕೊಂಡು ಹೋಗುವುದು ಹೆಚ್ಚುಕಮ್ಮಿ ಒಂದೇ ರೀತಿ. ಬೆಳಿಗ್ಗೆ ಹೊರಟು ಹೆಲೆನ್ಸ್‌ಬರ್ಗ್ ವೆಂಕಟೇಶ್ವರ ದೇವಸ್ಥಾನ, ಅಲ್ಲೇ ಕ್ಯಾಂಟೀನಿನಲ್ಲಿ ದೋಸೆ, ಆಮೇಲೆ ಸೀ ಕ್ಲಿಫ್ ಬ್ರಿಡ್ಜ್ ಹತ್ತಿರ ಫೋಟೊ, ಮಧ್ಯಾಹ್ನ ಬಂಡೆಯ ತೂತಿನಿಂದ ಸಮುದ್ರದ ನೀರು ಚಿಮ್ಮುವ ಬ್ಲೋಹೋಲ್ ಮುಂದೆ ಅರ್ಧ ಗಂಟೆ, ಕತ್ತಲಾಗುವಷ್ಟರಲ್ಲಿ ಮನೆ. 2022ರಲ್ಲಿ ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನ ಶುರುವಾದ ಮೇಲೆ ಬಂದು ಹೋಗುವ ಅಪ್ಪ-ಅಮ್ಮಂದಿರೂ ಜಾಸ್ತಿಯಾಗಿದ್ದಾರೆ, ಈ ಒಂದು ದಿನದ ಓಟವೂ ಜಾಸ್ತಿಯಾಗಿದೆ. ಕೆಟ್ಟ ಟ್ರಿಪ್ ಏನಲ್ಲ. ಆದರೆ ಕಯಾಮಾ ಹಾಗೆ ನೋಡುವ ಊರಲ್ಲ. ಇಲ್ಲಿ ಏನು ಕಾಣುತ್ತೆ, ಏನು ಕಾಣಲ್ಲ ಅನ್ನುವುದು ಪೂರ್ತಿ ಸಮುದ್ರಕ್ಕೆ ಬಿಟ್ಟಿದ್ದು. ಅಲೆ ಯಾವ ದಿಕ್ಕಿನಿಂದ ಬರುತ್ತಿದೆ, ಭರತವೋ ಇಳಿತವೋ, ಗಾಳಿ ಹೇಗಿದೆ, ಇದರ ಮೇಲೆ ಊರಿನ ರೂಪವೇ ಬದಲಾಗುತ್ತೆ. ಅದಕ್ಕೇ ಕನಿಷ್ಠ ಎರಡು ರಾತ್ರಿ ಉಳಿಯಿರಿ ಅಂತ ಕೇಳಿದವರಿಗೆಲ್ಲ ಹೇಳುತ್ತಿರುತ್ತೇನೆ.

ಸಿಡ್ನಿಯಿಂದ ದಕ್ಷಿಣಕ್ಕೆ ಸುಮಾರು 120 ಕಿ.ಮೀ. ಕಾರಿಲ್ಲದಿದ್ದರೂ ತೊಂದರೆಯಿಲ್ಲ, ಸಿಡ್ನಿಯ ಸೆಂಟ್ರಲ್ ಸ್ಟೇಷನ್‌ನಿಂದ ಸೌತ್ ಕೋಸ್ಟ್ ಲೈನ್ ರೈಲು ಸೀದಾ ಊರ ಮಧ್ಯಕ್ಕೇ ತಂದು ಬಿಡುತ್ತೆ. ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತೆ. ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆಗಿದೆ. ಇಲ್ಲಿನ ಬಸ್ಸು-ರೈಲಿಗೆ ಬಳಸುವ ಓಪಲ್ ಕಾರ್ಡ್ ಇಲ್ಲದವರು ಬ್ಯಾಂಕ್ ಕಾರ್ಡನ್ನೇ ತಟ್ಟಿ ಹೋಗಬಹುದು. ವಯಸ್ಸಾದವರ ಜೊತೆ ಹೋಗುವವರಿಗೆ ನಾನಂತೂ ರೈಲನ್ನೇ ಹೇಳುವುದು. ಡಬ್ಬಿಯಲ್ಲೇ ಶೌಚಾಲಯ ಇರುತ್ತೆ, ಎದ್ದು ಓಡಾಡಬಹುದು, ಬೆಟ್ಟದ ಅಂಕುಡೊಂಕು ರಸ್ತೆಯಲ್ಲಿ ತಲೆ ಸುತ್ತುವ ಗೋಳಿಲ್ಲ.

ಮೊದಲು ಬ್ಲೋಹೋಲ್ ವಿಷಯ ಮುಗಿಸೋಣ, ಎಲ್ಲರೂ ಬರುವುದು ಅದಕ್ಕೇ ಅಲ್ವಾ. ಬಂಡೆಯ ಅಡಿಯಲ್ಲಿ ಸಮುದ್ರದ ಕಡೆ ಬಾಯಿ ತೆರೆದ ಒಂದು ಗುಹೆ, ಅದರ ನೆತ್ತಿಯಲ್ಲಿ ದೊಡ್ಡ ತೂತು. ಅಲೆ ಒಳಗೆ ನುಗ್ಗಿದಾಗ ಗುಹೆಯಲ್ಲಿದ್ದ ಗಾಳಿ ಸಿಕ್ಕಿಕೊಂಡು ಒತ್ತಡ ಹೆಚ್ಚಾಗುತ್ತೆ, ಹೋಗಲು ಬೇರೆ ದಾರಿಯಿಲ್ಲದೆ ನೀರನ್ನು ಎತ್ತಿ ಆ ತೂತಿನಿಂದ ಮೇಲಕ್ಕೆ ಎಸೆಯುತ್ತೆ. ಒಳ್ಳೆ ದಿನ ಸಿಕ್ಕರೆ ನೀರು 20 ಮೀಟರ್ ದಾಟುತ್ತೆ. ನಿಜವಾಗಿ ಗಮನ ಕೊಡಬೇಕಾದ್ದು ಶಬ್ದಕ್ಕೆ. ಮೊದಲು ಕೆಳಗಿನಿಂದ ಕಮ್ಮಾರನ ತಿದಿ ಒತ್ತಿದ ಹಾಗೆ ಒಂದು ಉಸಿರು ಬರುತ್ತೆ. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಧಡ್ ಅಂತ ಪಾದದಡಿಯ ನೆಲವೇ ಅದುರುತ್ತೆ, ನೀರು ಎದ್ದು ನಿಲ್ಲುತ್ತೆ, ಗಾಳಿ ನಿಮ್ಮ ಕಡೆಗಿದ್ದರೆ ಕನ್ನಡಕವೆಲ್ಲ ಉಪ್ಪು. 1797ರಲ್ಲಿ ಇಂಗ್ಲಿಷ್ ಅನ್ವೇಷಕ ಜಾರ್ಜ್ ಬಾಸ್ ಆರು ಜನ ಹುಟ್ಟು ಹಾಕುವವರನ್ನು ಕಟ್ಟಿಕೊಂಡು ತೆರೆದ ದೋಣಿಯಲ್ಲಿ ಈ ಕರಾವಳಿ ನೋಡುತ್ತಾ ಬಂದವನು, ಇಲ್ಲಿ ಲಂಗರು ಹಾಕಿ ಈ ಶಬ್ದದ ಬಗ್ಗೆ ಬರೆದಿಟ್ಟಿದ್ದಾನೆ.

ಆದರೆ ಇದು ಗಡಿಯಾರ ನೋಡಿ ಚಿಮ್ಮುವುದಲ್ಲ. ಆಗ್ನೇಯದಿಂದ ಅಲೆ ಬಂದರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತೆ. ಸಮುದ್ರ ಶಾಂತವಾಗಿದ್ದ ದಿನ ಹೋದವರು ಬರೀ ತೂತು ನೋಡಿ, ಇದಕ್ಕಾ ಇಷ್ಟು ದೂರ ಬಂದಿದ್ದು ಅಂತ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ. ಅವರ ಬೇಜಾರು ಅರ್ಥವಾಗುತ್ತೆ, ತಪ್ಪು ಮಾತ್ರ ಊರಿನದ್ದಲ್ಲ. ಹೊರಡುವ ಮುಂಚೆ ಇಲ್ಲಿನ ಹವಾಮಾನ ಇಲಾಖೆ ಬ್ಯೂರೋ ಆಫ್ ಮೀಟಿಯೊರಾಲಜಿಯ ಕರಾವಳಿ ಮುನ್ಸೂಚನೆಯಲ್ಲಿ ಸ್ವೆಲ್, ಅಂದರೆ ದೂರದಿಂದ ಬರುವ ಅಲೆ, ಯಾವ ದಿಕ್ಕಿನದು ಅಂತ ನೋಡಿ. ಈಶಾನ್ಯದ್ದು ಅಂತ ಇದ್ದರೆ ಲಿಟಲ್ ಬ್ಲೋಹೋಲ್‌ಗೆ ಹೋಗಿ. ಸರ್ಫ್ ಬೀಚ್, ಕೆಂಡಾಲ್ಸ್ ಬೀಚ್ ದಾಟಿ ದಕ್ಷಿಣಕ್ಕೆ ದಡದಗುಂಟ ನಡೆದರೆ ಸಿಗುತ್ತೆ. ತೂತು ಚಿಕ್ಕದು, ಹಾಗಾಗಿ ನೀರು ಸಪೂರವಾಗಿ, ಜೋರಾಗಿ, ಪದೇ ಪದೇ ಚಿಮ್ಮುತ್ತೆ. ಜನವೂ ಕಡಿಮೆ. ದೊಡ್ಡದು ಸುಮ್ಮನಿದ್ದ ದಿನ ಇದು ಆಡುತ್ತಿರುವುದನ್ನು ನೋಡಿದ್ದೇನೆ. ಎರಡು ದಿನ ಇದ್ದರೆ ಎರಡರಲ್ಲಿ ಒಂದಾದರೂ ಸಿಗುವ ಅವಕಾಶ ಹೆಚ್ಚು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೇಲಿ ದಾಟಬೇಡಿ. 1992ರಲ್ಲಿ ಬ್ಲೋಹೋಲ್ ಹತ್ತಿರ ಒಂದೇ ದಿನ ಏಳು ಜನ ಕೊಚ್ಚಿಕೊಂಡು ಹೋಗಿ ಸತ್ತರು. ಒಣಗಿರುವ ಬಂಡೆ ಅಂದರೆ ಅಲ್ಲಿಗೆ ಅಲೆ ಬರುವುದಿಲ್ಲ ಅಂತ ಅರ್ಥವಲ್ಲ. ರೀಲ್ಸ್‌ಗೋಸ್ಕರ ಮಕ್ಕಳನ್ನು ಬಂಡೆ ಮೇಲೆ ನಿಲ್ಲಿಸುವವರನ್ನು ನೋಡಿದರೆ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತೆ.

ಇನ್ನು ನನಗೆ ಈ ಊರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ರಾಕ್ ಪೂಲ್. ಬ್ಲೋಹೋಲ್ ಪಾಯಿಂಟ್‌ನ ಬಂಡೆಗಳ ನಡುವೆ ಒಂದಿದೆ, ಬಂದರಿನ ಆಚೆ ಬದಿಯಲ್ಲಿ ಕಾಂಟಿನೆಂಟಲ್ ಪೂಲ್ ಅಂತ ಇನ್ನೊಂದು. ಎರಡಕ್ಕೂ ಕಾಸು ಕೊಡಬೇಕಿಲ್ಲ. ಸಮುದ್ರದ ನೀರನ್ನೇ ಗೋಡೆ ಕಟ್ಟಿ ನಿಲ್ಲಿಸಿದ ಕೊಳ, ಅಲೆ ಆಚೆ ಹೊಡೆಯುತ್ತೆ, ಒಳಗೆ ನೀರು ನಿಂತಿರುತ್ತೆ. ನಮ್ಮಮ್ಮನಿಗೆ ಈಜು ಬರುವುದಿಲ್ಲ, ಬೀಚಿಗೆ ಹೋದರೆ ಪಾದ ತೋಯಿಸಿ ಹಿಂದಕ್ಕೆ ಓಡುವವರು. ಇಲ್ಲಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಮೊದಲ ಮೆಟ್ಟಿಲಿಗೆ ಅಯ್ಯೋ ತಣ್ಣಗಿದೆ ಅಂದರು, ಮಂಡಿವರೆಗೆ ಬಂದಾಗ ಮಾತು ನಿಂತಿತು, ಸೊಂಟದವರೆಗೆ ಬಂದ ಮೇಲೆ ಮೇಲೆ ಬರಲು ಒಪ್ಪಲೇ ಇಲ್ಲ. ಗೋಡೆ ದಾಟಿ ಒಂದು ಅಲೆ ಒಳಗೆ ಚೆಲ್ಲಿದಾಗ ನೊರೆಯನ್ನು ಬೊಗಸೆಯಲ್ಲಿ ಹಿಡಿಯಲು ನೋಡುತ್ತಿದ್ದರು. ಅಲ್ಲಿ ಈಜುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಬಂದು, ಬೆಳಿಗ್ಗೆ ಬೇಗ ಬನ್ನಿ, ಆಗ ಇನ್ನೂ ಚೆನ್ನಾಗಿರುತ್ತೆ ಅಂತ ಹೇಳಿ ಹೋದರು. ಮಾರನೇ ದಿನ ಏಳು ಗಂಟೆಗೆ ಅಮ್ಮನೇ ನಮ್ಮನ್ನು ಎಬ್ಬಿಸಿದರು. ನೀರು ಬೆಚ್ಚಗಿರಬೇಕೆಂದರೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಪಾಚಿ ಇರುತ್ತೆ, ಕಾಲಿಗೆ ಹಿಡಿತ ಇರುವ ಚಪ್ಪಲಿ ಬೇಕು. ಅಲೆ ಜೋರಾಗಿ ಗೋಡೆ ಹಾರುತ್ತಿದ್ದರೆ ಇಳಿಯಬೇಡಿ.

ಬೀಚಿನಲ್ಲೇ ಈಜಬೇಕು ಅನ್ನುವವರಿಗೆ ಸರ್ಫ್ ಬೀಚ್ ಊರಿಗೆ ಅಂಟಿಕೊಂಡೇ ಇದೆ. ಜೀವರಕ್ಷಕರು ನೆಟ್ಟ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ, ಬಾವುಟ ಇಲ್ಲ ಅಂದರೆ ಇಳಿಯಲೇಬೇಡಿ. ಬೇಸಿಗೆಯಲ್ಲಿ ಜೆಲ್ಲಿಫಿಶ್‌ನಂತೆ ಕುಟುಕುವ ಬ್ಲೂಬಾಟಲ್‌ಗಳು ಬರುತ್ತವೆ, ನೀಲಿ ಬಲೂನಿಗೆ ದಾರ ಕಟ್ಟಿದಂತೆ ಮರಳ ಮೇಲೆ ಬಿದ್ದಿರುತ್ತವೆ, ಮಕ್ಕಳು ಮುಟ್ಟಲು ಹೋಗುತ್ತಾರೆ. ಕಚ್ಚಿದರೆ ಸಮುದ್ರದ ನೀರಲ್ಲಿ ತೊಳೆದು, ಚರ್ಮ ಸುಡದಷ್ಟು ಬಿಸಿಯಿರುವ ನೀರಲ್ಲಿ 20 ನಿಮಿಷ ಇಡಬೇಕು.

ಎರಡನೇ ದಿನಕ್ಕೆ ಬೊಂಬೊ. ಕಯಾಮಾಗಿಂತ ಒಂದು ಸ್ಟೇಷನ್ ಹಿಂದೆ, ಬೀಚಿನ ಪಕ್ಕದಲ್ಲೇ ರೈಲು ನಿಲ್ಲುತ್ತೆ. ಬೀಚಿನ ಉತ್ತರ ತುದಿಯ ಗುಡ್ಡದಲ್ಲಿ 1880ರ ದಶಕದ ಕಲ್ಲುಗಣಿ. ಜಲ್ಲಿಗಾಗಿ ಒಡೆದು ಒಡೆದು, ಒಳಗಿದ್ದ ಕಂಬ ಕಂಬದಂಥ ಲಾವಾ ಬಂಡೆಯ ಗೋಡೆಗಳು ಮಾತ್ರ ಸಮುದ್ರದ ಕಡೆಗೆ ಉಳಿದುಕೊಂಡಿವೆ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ಇಲ್ಲಿ ಕಾಲಿಟ್ಟ ಕೂಡಲೇ ಗುರುತು ಸಿಗುತ್ತೆ. ಅದೇ ಹಲವು ಮುಖದ ಕಂಬಗಳು. ಲಾವಾ ತಣ್ಣಗಾಗುತ್ತಾ ಕುಗ್ಗಿ ಬಿರುಕು ಬಿಟ್ಟಿದ್ದರಿಂದ ಎರಡೂ ಕಡೆ ಹಾಗಾಗಿದೆ. ಉಡುಪಿಯದು ಸುಮಾರು 8.8 ಕೋಟಿ ವರ್ಷ ಹಳೆಯದು, ಬೊಂಬೊದ್ದು 25 ಕೋಟಿಗೂ ಹಿಂದಿನದು. ಅಲ್ಲಿ ಕಂಬಗಳ ಮೇಲೆ ಹತ್ತಿ ನಡೆಯುತ್ತೇವೆ, ಇಲ್ಲಿ ಅವು ತಲೆಯ ಮೇಲೆ ಎದ್ದು ನಿಂತಿವೆ, ಅವುಗಳ ಸಂದಿಯಿಂದ ಅಲೆ ಒಡೆಯುವುದು ಕಾಣುತ್ತೆ. ಅಪ್ಪ ಉಡುಪಿ ಕಡೆಯವರು, ಒಂದು ಕಂಬದ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ನಿಂತುಬಿಟ್ಟರು. ಪಕ್ಕದಲ್ಲೇ ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ, ಕೆಲವೊಮ್ಮೆ ವಾಸನೆ ಬರುತ್ತೆ, ಅಷ್ಟಕ್ಕೇ ಹಿಂದೆ ತಿರುಗಬೇಡಿ. ಅಂಗಡಿ, ನೆರಳು ಎರಡೂ ಇಲ್ಲ, ನೀರು ತೆಗೆದುಕೊಂಡು ಹೋಗಿ. ದೊಡ್ಡ ಅಲೆ ಇದ್ದ ದಿನ ಗೋಡೆಗಳ ಹತ್ತಿರ ಹೋಗುವುದೇ ಬೇಡ.

ನಡೆಯುವ ಹುಮ್ಮಸ್ಸು ಇದ್ದವರಿಗೆ ಕಯಾಮಾ ಹೈಟ್ಸ್‌ನಿಂದ ಗೆರಿಂಗಾಂಗ್‌ನ ವೆರಿ ಬೀಚ್ ತನಕ ಕರಾವಳಿ ದಾರಿ, ಸುಮಾರು 6 ಕಿ.ಮೀ. ಒಂದು ಕಡೆ ಹಸು ಮೇಯುವ ಹಸಿರು ಗುಡ್ಡ, ಇನ್ನೊಂದು ಕಡೆ ಸಮುದ್ರ. ಹಾಲಿನ ಸೀಮೆ ಇದು, ಆಸ್ಟ್ರೇಲಿಯಾದ ಮೊದಲ ಸಹಕಾರಿ ಬೆಣ್ಣೆ ಫ್ಯಾಕ್ಟರಿ 1884ರಲ್ಲಿ ಶುರುವಾಗಿದ್ದು ಕಯಾಮಾದಲ್ಲೇ. ದಾರಿಯಲ್ಲಿ ಮರವಿಲ್ಲ, ಏರಿಳಿತ ಇದೆ, ಮಂಡಿ ನೋವಿನವರಿಗೆ ಬೇಡ. ಅವರನ್ನು ಕಾರಿದ್ದರೆ ಸ್ಯಾಡಲ್‌ಬ್ಯಾಕ್ ಬೆಟ್ಟದ ಮೇಲಕ್ಕೆ ಕರೆದುಕೊಂಡು ಹೋಗಿ, ಇಡೀ ಕರಾವಳಿ ಕಾಣುತ್ತೆ. ಮೇಯಿಂದ ನವೆಂಬರ್ ತನಕ ತಿಮಿಂಗಿಲಗಳು ಈ ದಾರಿಯಲ್ಲೇ ಹೋಗಿ ಬರುತ್ತವೆ, ಬ್ಲೋಹೋಲ್ ಹತ್ತಿರದ ಲೈಟ್‌ಹೌಸ್ ಪಕ್ಕ ಸುಮ್ನೆ ಕೂತು ನೋಡುತ್ತಿದ್ದರೂ ಕಾಣುವುದುಂಟು.

ಊಟದ ವಿಷಯದಲ್ಲಿ ಹೊಗಳಲು ಹೆಚ್ಚೇನಿಲ್ಲ. ಮೀನು ತಿನ್ನುವವರಿಗೆ ಫಿಶ್ ಅಂಡ್ ಚಿಪ್ಸ್, ಬಂದರಿನ ಹತ್ತಿರ ಹುಲ್ಲಿನ ಮೇಲೆ ಕೂತು ತಿಂದರೆ ರುಚಿಯೇ ಬೇರೆ. ಸೀಗಲ್‌ಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ, ಹುಷಾರು. ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಚಿಪ್ಸ್ ತೆಗೆದುಕೊಳ್ಳುವಾಗ ಚಿಕನ್ ಸಾಲ್ಟ್ (ಇಲ್ಲಿ ಚಿಪ್ಸ್ ಮೇಲೆ ಉದುರಿಸುವ ಮಸಾಲೆ ಉಪ್ಪು) ಬೇಡ, ಬರೀ ಉಪ್ಪು ಹಾಕಿ ಅಂತ ಹೇಳಿಬಿಟ್ಟರೆ ಅಮ್ಮಂದಿರು ನೆಮ್ಮದಿಯಾಗಿ ತಿನ್ನುತ್ತಾರೆ. ನಾವು ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯುತ್ತೇವೆ, ರಾತ್ರಿ ಸಾರು-ಅನ್ನ, ಬೆಳಿಗ್ಗೆ ಅವಲಕ್ಕಿ.

ಬಾಡಿಗೆ ಮನೆ ಬುಕ್ ಮಾಡುವಾಗ ಫೋಟೊ ನೋಡಿ ಮರುಳಾಗಬೇಡಿ. ನಾವು ಉಳಿದ ಒಂದು ಕಡೆ ಸಮುದ್ರ ಕಾಣುತ್ತೆ ಅಂತ ಹಾಕಿದ್ದರು, ಬಾಲ್ಕನಿಯ ಮೂಲೆಗೆ ಹೋಗಿ ಪಕ್ಕದ ಮನೆ ಚಾವಣಿ ಮೇಲಿಂದ ಇಣುಕಿದರೆ ಒಂದು ಗೆರೆಯಷ್ಟು ನೀಲಿ ಕಂಡಿತು. ಸ್ವಚ್ಛತೆಗೆ ಅಂತ ಸೇರಿಸಿದ ಶುಲ್ಕವೂ ದುಬಾರಿ, ಅದನ್ನು ಕೊನೆಯ ಪುಟದಲ್ಲಿ ಮಾತ್ರ ತೋರಿಸಿದ್ದರು. ಈ ಊರಲ್ಲಿ ಐದು ಹತ್ತು ನಿಮಿಷ ನಡೆದರೆ ಸಮುದ್ರವೇ ಎದುರಿಗಿರುವಾಗ ಕಿಟಕಿಯ ನೋಟಕ್ಕೆ ಜಾಸ್ತಿ ದುಡ್ಡು ಕೊಡುವ ಅಗತ್ಯವೇ ಇಲ್ಲ. ಡಿಸೆಂಬರ್ ಕೊನೆ, ಜನವರಿ ಮತ್ತು ಈಸ್ಟರ್ ಸಮಯದಲ್ಲಿ ಬಾಡಿಗೆ ಏರಿಬಿಡುತ್ತೆ, ಕಾರು ನಿಲ್ಲಿಸಲೂ ಜಾಗ ಇರುವುದಿಲ್ಲ. ಶಾಲೆಗಳು ಶುರುವಾದ ಮೇಲೆ, ಮಾರ್ಚ್‌ನ ವಾರದ ದಿನಗಳಲ್ಲಿ ಹೋಗಿ. ಸ್ಟೇಷನ್‌ನಿಂದ ನಡೆಯುವಷ್ಟು ದೂರದಲ್ಲಿ ಮನೆ ಹಿಡಿದರೆ ರಾಕ್ ಪೂಲ್, ಬ್ಲೋಹೋಲ್, ಸರ್ಫ್ ಬೀಚ್ ಮೂರಕ್ಕೂ ಕಾರು ತೆಗೆಯಬೇಕಾಗಿಲ್ಲ.